ಅಕ್ಕನ ಜೊತೆ ಗುಡ್ಡ ದಾಟಿದ್ದು

ಓರಗಿತ್ತಿಯ ಕಿಡ್ನಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಕಷ್ಟ ಡಾಕ್ಟರಿಗೆ ಗೊತ್ತಿರುವುದಿಲ್ಲ. ಅವರು ರಕ್ತ ಪರೀಕ್ಷೆ ನೋಡಿ, "ತುಂಬಾ ಚೆನ್ನಾಗಿ ಹೊಂದಿಕೊಂಡಿದೆ" ಅನ್ನುತ್ತಾರೆ. ಹೊಂದಿಕೊಂಡಿರುವುದು ಕಿಡ್ನಿ. ನಾವಿಬ್ಬರು ಯಾವತ್ತೂ ಹೊಂದಿಕೊಂಡವರೇ ಅಲ್ಲ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಮಾವ ಶುರುಮಾಡಿದ ಲಾಂಡ್ರಿಯಲ್ಲಿ ಎದುರುಬದುರು ಮೇಜಿಗೆ ನಿಂತು ಇಪ್ಪತ್ತು ವರ್ಷ ಇಸ್ತ್ರಿ ಮಾಡಿದ್ದೇವೆ, ಅಷ್ಟೂ ವರ್ಷ ಜಗಳವಾಡಿದ್ದೇವೆ. ಅಂಗಿಗೆ ಕಾಲರ್ ಮೊದಲೋ ತೋಳು ಮೊದಲೋ ಅಂತ, ಗಂಜಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅಂತ, ಫ್ಯಾನ್ ಹಾಕಿದ್ದಕ್ಕೆ, ಆರಿಸಿದ್ದಕ್ಕೆ. ಅವರ ಬಾಯಿ ದೊಡ್ಡದು, ನನ್ನದು ಹರಿತ. ಆದರೆ ಎಷ್ಟೇ ಸಿಟ್ಟು ಬಂದರೂ ನಾನು ಬಹುವಚನ ಬಿಟ್ಟವಳಲ್ಲ.

ಒಂದೇ ಒಂದು ವಿಷಯದಲ್ಲಿ ನಮ್ಮಿಬ್ಬರದು ಒಪ್ಪಂದ. ಕೆಲಸದ ಹೊತ್ತಿನಲ್ಲಿ ಕೂತವರನ್ನು ಕಂಡರೆ ಮಾವನಿಗೆ ಮೈ ಉರಿಯುತ್ತಿತ್ತು. ಹಾಗಾಗಿ ಒಬ್ಬಳ ಕೈ ನಿಂತರೆ ಇನ್ನೊಬ್ಬಳು ಏನೂ ಕೇಳದೆ ತನ್ನ ಇಸ್ತ್ರಿಪೆಟ್ಟಿಗೆ ಆರಿಸಿ ಸ್ಟೂಲ್ ಎಳೆದು ಕೂತುಬಿಡಬೇಕು. ಇಬ್ಬರೂ ಕೂತರೆ ಯಾರನ್ನು ಬೈಯಬೇಕೆಂದು ಮಾವನಿಗೆ ತಿಳಿಯುತ್ತಿರಲಿಲ್ಲ, ಗೊಣಗಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೂ ಅದು ಹಾಗೇ ನಡೆದುಕೊಂಡು ಬಂದಿತ್ತು. ನಮ್ಮಲ್ಲಿ ಯಾರೂ 'ಸುಸ್ತಾಯಿತು' ಅನ್ನುವುದಿಲ್ಲ.

ಮೂರು ವರ್ಷದ ಹಿಂದೆ ನನ್ನ ಕಿಡ್ನಿ ಎರಡೂ ಕೈಕೊಟ್ಟವು. ತಮ್ಮನದು ಹೊಂದಲಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಗೆ ಅಲೆದು ಅಲೆದು ಹೈರಾಣಾಗಿದ್ದಾಗ ಒಂದು ಬೆಳಿಗ್ಗೆ ಅಕ್ಕ ಹಾಸಿಗೆ ಬಟ್ಟೆಯೊಂದಕ್ಕೆ ನೀರು ಚಿಮುಕಿಸುತ್ತಾ, ತಲೆ ಕೂಡ ಎತ್ತದೆ ಅಂದರು: "ನಂದು ಹೊಂದುತ್ತಂತೆ. ಪರೀಕ್ಷೆ ಮಾಡಿಸ್ಕೊಂಡು ಬಂದೆ." ನಾನು ಅಲ್ಲೇ ಅತ್ತುಬಿಟ್ಟೆ. "ಅಳೋದಿದ್ರೆ ಆಚೆ ಹೋಗು, ಗಿರಾಕಿ ಬಟ್ಟೆ" ಅಂದರು.

ಆಪರೇಷನ್ ಆಗಿ ವರ್ಷ ಕಳೆಯಿತು. ನನ್ನ ಮುಖದಲ್ಲಿ ಕಳೆ ಬಂತು, ನಾಲಿಗೆಗೆ ರುಚಿ ಬಂತು. ಆದರೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತದ್ದನ್ನು ಕಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನನ್ನನ್ನು ಬದುಕಿಸಲು ಹೋಗಿ ಅವರು ಸೊರಗುತ್ತಿದ್ದಾರೆಯೇ? ಕೇಳಿದರೆ "ನನಗೇನು ಧಾಡಿ" ಅನ್ನುತ್ತಿದ್ದರು. ಉಪಕಾರದ ಮಾತೆತ್ತಿದರೆ ಎದ್ದೇ ಹೋಗುತ್ತಿದ್ದರು. ಬೇರೆ ದಾರಿ ಕಾಣದೆ ನಾನು ಎದುರು ಮಾತಾಡುವುದನ್ನೇ ಬಿಟ್ಟೆ. ಗಂಜಿ ಅವರು ಹೇಳಿದಷ್ಟು, ಫ್ಯಾನ್ ಅವರು ಹೇಳಿದಾಗ. ಎಲ್ಲದಕ್ಕೂ 'ಆಗಲಿ ಅಕ್ಕ'. ಒಡಲಿನ ತುಂಡು ಕೊಟ್ಟವರ ಜೊತೆ ಗಂಜಿಗಾಗಿ ಕಿತ್ತಾಡುವುದು ಹೇಗೆ?

ಆದರೂ ನಿಜ ತಿಳಿಯದೆ ನನಗೆ ನಿದ್ದೆಯಿರಲಿಲ್ಲ. ಆಗ ಹೊಳೆದದ್ದು ಗುಡ್ಡ. ಊರ ಹಿಂದಿನ ಹುಲ್ಲುಗುಡ್ಡ ಹತ್ತಿ, ಮೇಲಿನ ಬೋಳು ಬಯಲನ್ನು ದಾಟಿ ಆಚೆ ಇಳಿದರೆ ರಸ್ತೆ ಸಿಗುತ್ತದೆ. ಸಂಜೆ ಅಲ್ಲಿಂದ ವಾಪಸು ಬರಲು ಒಂದೇ ಬಸ್ಸು. ಅಷ್ಟು ದೂರ ನಡೆದರೆ ಅಕ್ಕನ ಉಸಿರೇ ನಿಜ ಹೇಳುತ್ತದೆ ಅಂದುಕೊಂಡೆ. "ಭಾನುವಾರ ಗುಡ್ಡ ದಾಟೋಣ್ವಾ?" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಡಿ" ಅಂದರು.

ಮಳೆ ಮುಗಿದು ಚಳಿ ಇನ್ನೂ ಬೀಳದ ದಿನ. ಬಯಲಿನ ಹುಲ್ಲೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮೊಣಕಾಲೆತ್ತರದ ಪೊದೆಗಳಲ್ಲಿ ಕೊನೆಯ ನೇರಳೆ ಹೂಗಳು ಒಣಗುತ್ತಿದ್ದವು. ಕೆಲವು ಕಡೆ ನೆಲ ಜೌಗು, ಕಾಲಿಟ್ಟರೆ ಕಪ್ಪು ನೀರು ಪಿಚಕ್ಕೆಂದು ಶೂ ಒಳಗೆ ನುಗ್ಗುತ್ತಿತ್ತು. ಮರವಿಲ್ಲ, ಮನೆಯಿಲ್ಲ, ಬರೀ ಗಾಳಿ ಮತ್ತು ಆಕಾಶ. ವರ್ಷಗಟ್ಟಲೆ ಆಸ್ಪತ್ರೆಯ ಸೀಲಿಂಗ್ ನೋಡಿದವಳಿಗೆ ಅಷ್ಟು ದೊಡ್ಡ ಆಕಾಶ ಎಷ್ಟು ನೋಡಿದರೂ ಸಾಲದಾಯಿತು. ಇದನ್ನು ನೋಡಲು ನಾನು ಉಳಿದೆನಲ್ಲ ಅನಿಸಿತು, ಮರುಗಳಿಗೆಯೇ ಪಕ್ಕದಲ್ಲಿದ್ದವರ ಕಡೆ ತಿರುಗಿದೆ.

ಅಕ್ಕ ನಿಂತುಬಿಟ್ಟಿದ್ದರು. ಸೊಂಟದ ಮೇಲೆ ಕೈ.

ನಾನು ಏನೂ ಕೇಳದೆ ಹತ್ತಿರದ ಬಂಡೆಯ ಮೇಲೆ ಕೂತೆ. ಅವರೂ ಕೂತರು. ಕಟ್ಟಿಕೊಂಡು ಬಂದಿದ್ದ ಬ್ರೆಡ್ಡು ತಿಂದೆವು, ಎದ್ದೆವು. ಸ್ವಲ್ಪ ದೂರ ಹೋಗಿ ಅಕ್ಕ ಮತ್ತೆ ನಿಂತರು, ನಾನು ಮತ್ತೆ ಕೂತೆ. ಆಮೇಲೆ ಒಂದು ತೊರೆಯ ಹತ್ತಿರ, ಆಮೇಲೆ ಏನೂ ಇಲ್ಲದ ಕಡೆ. ಇಡೀ ದಿನ ನಿಂತೇ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಇವರು. ನನ್ನಿಂದಾಗಿ ಏನಾಗಿಹೋದರು!

ಬಯಲಿನ ಅಂಚು ತಲುಪುವಷ್ಟರಲ್ಲಿ ಬಿಸಿಲು ಹಳದಿಗೆ ತಿರುಗಿತ್ತು. ಕೆಳಗೆ ರಸ್ತೆ ಕಾಣುತ್ತಿತ್ತು, ಬಸ್ಸು ಆಗಲೇ ಬಂದು ನಿಂತಿತ್ತು. ಅಂಥ ಹೊತ್ತಲ್ಲೂ ಅಕ್ಕ ನಿಂತರು. ನನ್ನ ತಾಳ್ಮೆ ಕಿತ್ತುಹೋಯಿತು.

"ಅಕ್ಕ, ಸಾಕು! ಸುಸ್ತಾಗಿದೆ ಅಂತ ಒಂದು ಸಲ ಬಾಯ್ಬಿಟ್ಟು ಹೇಳಿದ್ರೆ ಮುತ್ತು ಉದುರುತ್ತಾ?"

"ಯಾರಿಗೆ ಸುಸ್ತು?"

"ನಿಮಗೆ! ಹೆಜ್ಜೆಹೆಜ್ಜೆಗೂ ನಿಲ್ತಿದೀರಿ."

"ನಿನಗೋಸ್ಕರ ಕಣೇ ನಿಲ್ತಿರೋದು! ಮೊದಲ ಸಲ ಸುಮ್ನೆ ಬಯಲು ನೋಡೋಕೆ ನಿಂತೆ, ನಿಂತ ತಕ್ಷಣ ನೀನು ದೊಪ್ಪಂತ ಕೂತೆ. ಅಯ್ಯೋ ಪಾಪ, ಇವಳ ಕಾಲಲ್ಲಿ ಶಕ್ತಿ ಇಲ್ಲ ಅಂತ ಸ್ವಲ್ಪ ದೂರಕ್ಕೇ ಮತ್ತೆ ನಿಲ್ತೀನಿ."

"ನೀವು ನಿಂತ್ರಿ ಅಂತ ನಾನು ಕೂತಿದ್ದು!"

"ಅಯ್ಯೋ ನಿನ್ನ ತಲೆ!"

"ಮತ್ತೆ ಯಾವಾಗ ನೋಡಿದ್ರೂ ಸೊಂಟದ ಮೇಲೆ ಕೈ ಯಾಕೆ? ನೋವಿಲ್ದೆ ಇರುತ್ತಾ?"

ಅಕ್ಕ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. "ನಾನು ಹುಟ್ಟಿದಾಗಿಂದ ಹಿಂಗೇ ನಿಲ್ಲೋದು. ಪೊಲೀಸಮ್ಮ ಬಂದ್ಲು ಅಂತ ಗಿರಾಕಿಗಳ ಮುಂದೆ ಆಡ್ಕೋತಿದ್ದೋಳು ನೀನೇ ಅಲ್ವಾ?"

ನಿಜ. ನಾನೇ. ಮದುವೆಯಾಗಿ ಬಂದ ಹೊಸದರಲ್ಲೇ ಇಟ್ಟ ಹೆಸರು. ಭಯ ಅನ್ನುವುದು ಕಣ್ಣೆದುರಿಗೆ ಇಪ್ಪತ್ತು ವರ್ಷ ಕಂಡದ್ದನ್ನೂ ಮರೆಸಿಬಿಡುತ್ತದೆ.

ನಾನು ತಲೆಯೆತ್ತಿ ನೋಡಿದರೆ, ಅಕ್ಕನ ಕಣ್ಣಲ್ಲಿ ನೀರು. "ಈಗ ನನ್ನ ಮೇಲೆ ಕೂಗಾಡಿದ್ಯಲ್ಲ, ಇದಕ್ಕೆ ಒಂದು ವರ್ಷ ಕಾದಿದೀನಿ" ಅಂದರು. "ಏನಂದ್ರೂ ಆಗಲಿ ಅಕ್ಕ, ಆಗಲಿ ಅಕ್ಕ. ಬೇಕಂತಲೇ ಗಂಜಿ ಸುರಿದೆ, ಆಗಲೂ ತುಟಿ ಬಿಚ್ಚಲಿಲ್ಲ ನೀನು. ಕಿಡ್ನಿ ಕೊಟ್ಟು ಓರಗಿತ್ತೀನ ಕಳ್ಕೊಂಡೆ ಅನ್ಕೊಂಡಿದ್ದೆ."

ಅಷ್ಟರಲ್ಲಿ ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಅಕ್ಕ ಕೋಟು ಬಿಚ್ಚಿ ನನ್ನ ಮೇಲೆ ಎಸೆದು, "ಹಿಡ್ಕೋ" ಅಂದವರೇ ಓಡಿದರು.

ಏನು ಓಟ ಅದು! ಐವತ್ತು ದಾಟಿದ ಹೆಂಗಸು, ಎರಡೂ ಕೈ ಬೀಸಿಕೊಂಡು, ಪೊದೆಗಳನ್ನು ಹಾರಿಕೊಂಡು, "ಏಯ್, ನಿಲ್ಸಪ್ಪಾ!" ಅಂತ ಗುಡ್ಡವೆಲ್ಲ ಕೇಳುವ ಹಾಗೆ ಕಿರುಚುತ್ತಾ ಇಳಿದರು. ನಾನೂ ಓಡಬೇಕಿತ್ತು. ಓಡಲಿಲ್ಲ. ಕೋಟನ್ನು ಎದೆಗೊತ್ತಿಕೊಂಡು, ಅಳುತ್ತಾ, ಅವರು ಓಡುವುದನ್ನೇ ಕಣ್ತುಂಬ ನೋಡಿದೆ. ಅವರು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ನಾನು ಇನ್ನೊಬ್ಬರ ಬದುಕನ್ನು ಕಿತ್ತುಕೊಂಡು ಬದುಕಿದ್ದಲ್ಲ. ಇನ್ನೇನು ಬೇಕು ಅಂತ ಗಾಳಿಗೆ ಕೂಗಿ ಹೇಳಬೇಕೆನಿಸಿತು. ಹೇಳಿದೆ ಕೂಡ. ಕೇಳುವವರು ಯಾರೂ ಇರಲಿಲ್ಲ.

ಅಕ್ಕ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಡ್ರೈವರ್ ಜೊತೆ ವಾದ ಮಾಡುತ್ತಾ, ನನ್ನ ಕಡೆ ಕೈ ಬೀಸಿದರು. "ಬಾರೇ! ಅಲ್ಲೇನು ಮೊಳೆ ಹೊಡ್ಕೊಂಡು ನಿಂತಿದೀಯಾ?"

ಓಡಿದೆ. ಮೂರು ವರ್ಷದಲ್ಲಿ ಮೊದಲ ಸಲ ಓಡಿದೆ. ಕಾಲು ಸೋಲಲಿಲ್ಲ.

ಒಳಗೆ ಜೋಡಿ ಸೀಟು ಒಂದೇ ಖಾಲಿಯಿತ್ತು. ಅಕ್ಕ ಏದುಸಿರು ಬಿಡುತ್ತಾ, "ಸರಿ, ಕಿಟಕಿ ನಂದು" ಅಂದರು.

ಬಿಟ್ಟುಕೊಡುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಂದಿತ್ತು. ನುಂಗಿಕೊಂಡೆ.

"ಯಾಕೆ, ನಿಮ್ಮಪ್ಪನ ಬಸ್ಸಾ?" ಅಂದು ಒಳಗೆ ನುಗ್ಗಿ ಕಿಟಕಿಯ ಪಕ್ಕ ಕೂತೆ.

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಕ್ಕನ ಮುಖ ಊರಗಲವಾಯಿತು. ನನ್ನ ಪಕ್ಕ ದೊಪ್ಪನೆ ಕೂತು, ಕೋಟು ಕಿತ್ತುಕೊಂಡು, ಊರು ಬರುವವರೆಗೂ ನನ್ನನ್ನು ಬೈಯುತ್ತಲೇ ಬಂದರು. ನಾನೂ ಒಂದು ಮಾತನ್ನೂ ಬಾಕಿ ಇಡಲಿಲ್ಲ.