ಬಿಜಲಿಯ ಪಾಲಿನ ರೊಟ್ಟಿ

"ತಿನ್ನವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ತುತ್ತಾರ ತಿನ್ನು," ಅಂದಳು ಭೀಮವ್ವ.

ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ ಅಲ್ಯುಮಿನಿಯಂ ತಾಟಿನಲ್ಲಿತ್ತು. ಅದರ ಮುಂದೆ ಬಿಜಲಿ ಮುಂಗಾಲು ಜೋಡಿಸಿ ಕೂತಿತ್ತು. ಹಸಿವಿಲ್ಲ ಎನ್ನುವ ಹಾಗಿರಲಿಲ್ಲ. ಜೊಲ್ಲು ಎಳೆಯಾಗಿ ಇಳಿದು ನೆಲ ಮುಟ್ಟುತ್ತಿತ್ತು. ಆದರೂ ಆ ನಾಯಿ ಒಮ್ಮೆ ತಾಟನ್ನು ನೋಡುವುದು, ಒಮ್ಮೆ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಮರಿಲಿಂಗಪ್ಪನ ಬೆನ್ನನ್ನು ನೋಡುವುದು, ಇಷ್ಟೇ ಮಾಡುತ್ತಿತ್ತು.

ಭೀಮವ್ವನ ಇನ್ನೊಂದು ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಅದು ಗಂಡನಿಗೆ. ಅವನೂ ನಿನ್ನೆ ಸಂಜೆಯಿಂದ ಬಾಯಿ ತೆರೆದಿರಲಿಲ್ಲ.

"ಒಬ್ಬರು ಗ್ವಾಡಿ ನೋಡ್ತಾರ, ಒಬ್ಬರು ಬೆನ್ನು ನೋಡ್ತಾರ. ನಾ ಯಾರ ಮಾರಿ ನೋಡ್ಲಿ?" ಎಂದು ಬಟ್ಟಲನ್ನು ಕುಕ್ಕಿ ಹೊರಗೆ ಹೋದಳು. ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡು ಮತ್ತೆ ಒಳಗೇ ಬಂದಳು. ಇನ್ನೆಲ್ಲಿಗೆ ಹೋಗಬೇಕು, ಪಾಪ.

ತಿಂಥಣಿಯ ಹೊಳೆದಂಡೆಯ ಹೊಲಗಳಿಗೆ ಕಾಡುಹಂದಿಯ ಕಾಟ ಬಹಳ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹೊಳೆಯ ಪೊದೆಗಳಿಂದ ಹಿಂಡುಗಟ್ಟಿ ಬಂದು ಸಾಲಿಗೆ ಸಾಲನ್ನೇ ಉತ್ತುಹಾಕುತ್ತವೆ. ಆಗ ಊರಿಗೆ ನೆನಪಾಗುವವರು ಮರಿಲಿಂಗಪ್ಪ ಮತ್ತು ಅವನ ಬಿಜಲಿ. ಉದ್ದ ಮೂತಿ, ಹಿಡಿಯಷ್ಟು ನಡ, ಮುಧೋಳದ ಕಡೆಯ ಬೇಟೆ ತಳಿ. ಅದು ಓಡುವಾಗ ಕಾಲು ನೆಲ ಮುಟ್ಟಿತೋ ಇಲ್ಲವೋ ಎಂದು ಮಂದಿ ವಾದ ಮಾಡುತ್ತಿದ್ದರು. ಒಂದು ಹಂದಿಯನ್ನೂ ಕಚ್ಚದೆ, ಬರೀ ಬೆನ್ನಟ್ಟಿಯೇ ಹಿಂಡನ್ನು ಹೊಳೆ ದಾಟಿಸಿ ಬರುತ್ತಿತ್ತು.

ಬೇಟೆ ಎಂಬುದೆಲ್ಲ ಮರಿಲಿಂಗಪ್ಪನ ಅಜ್ಜನ ಕಾಲಕ್ಕೇ ಮುಗಿದಿತ್ತು. ಈಗ ಮೊಲ ಹಿಡಿದರೂ ಕೇಸು. ಒಮ್ಮೆ ಬಿಜಲಿ ತನ್ನ ಪಾಡಿಗೆ ತಾನೇ ಒಂದು ಮೊಲವನ್ನು ಬೆನ್ನಟ್ಟಿ, ಹಲ್ಲು ಊರದಂತೆ ಬಾಯಲ್ಲಿ ಹಿಡಿದು ತಂದು ಅವನ ಪಾದದ ಮೇಲಿಟ್ಟಿತ್ತು. "ಯಾರರ ನೋಡಿದ್ರ ನನ್ನ ಜೇಲಿಗೆ ಕಳಿಸ್ತಿ ನೀ!" ಎಂದು ಬೈಯುತ್ತ ಅವನು ಮೊಲವನ್ನು ಬಿಟ್ಟುಕೊಟ್ಟ. ಬೈದದ್ದು ಬಾಯಿಮಾತಿಗೆ. ಅವತ್ತು ಸಂಜೆ ಊರಿಡೀ ಹೇಳಿಕೊಂಡು ತಿರುಗಿದ.

ಇದಕ್ಕೂ ಮೊದಲು ಅವನು ಸಾಕಿದ್ದ ನಾಯಿ, ಹಂದಿಗೆಂದು ಯಾರೋ ಬದುವಿನ ಮೇಲೆ ಇಟ್ಟಿದ್ದ ವಿಷದ ಉಂಡೆ ತಿಂದು ಅವನ ತೊಡೆಯ ಮೇಲೆಯೇ ಸತ್ತಿತ್ತು. ಬಿಜಲಿ ಅಂಗೈಯಷ್ಟಿದ್ದಾಗಲೇ ಅವನು ಪಾಠ ಶುರುಮಾಡಿದ್ದು ಅದಕ್ಕೇ. ರೊಟ್ಟಿ ಮುಂದೆ ಇರಬೇಕು, ಅದು ಮುಟ್ಟಬಾರದು. "ಹೂಂ, ಉಣ್ಣವ್ವಾ" ಎಂದು ಅವನು ಅಂದ ಮೇಲೆಯೇ ಬಾಯಿ ಹಾಕಬೇಕು. ಭೀಮವ್ವನ ಕೈಯಿಂದಲೂ ಅದು ಏನನ್ನೂ ತಿನ್ನುತ್ತಿರಲಿಲ್ಲ. ನಾಯಿಯನ್ನು ಬಿಟ್ಟು ಅವನು ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿಯುತ್ತಿರಲಿಲ್ಲ. ಮನೆಗೆ ಬಂದರೆ ಅಂಗಳದಿಂದಲೇ ಎರಡು ಬೆರಳೆತ್ತಿ ಕೂಗುತ್ತಿದ್ದ: "ಎರಡು ತಟ್ಟು. ನನಗೊಂದು, ಆಕಿಗೊಂದು."

"ಬಂಗಾರದ ತಾಟಿನ್ಯಾಗ ಖಂಡ ಇಡ್ರಿ, ನನ್ನ ಮಾತಿಲ್ಲದ ಮೂಸಿ ಸೈತ ನೋಡಂಗಿಲ್ಲ," ಎಂದು ಚಹಾದಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದ. ಪಕ್ಕದ ಮನೆಯ ಗುಡ್ಡು ನಂಬದೆ ಕುರಿಯ ಕಾಳಿಜದ ತುಂಡು ಇಟ್ಟು ನೋಡಿ, ಸೋತು, ಎಲ್ಲರಿಗೂ ಚಹಾ ಕುಡಿಸಿದ್ದ. ಮಕ್ಕಳ ತಂದೆಯಾದರೂ ಊರಿಗೆ ಅವನು ಇನ್ನೂ ಚಿಕ್ಕಂದಿನ ಗುಡ್ಡುವೇ. ಅವನೂ ಸುರಪುರದ ಓಟದ ಪಂದ್ಯಕ್ಕೆಂದು ನಾಯಿ ಸಾಕಿದವನು.

ಅಂಥ ಮಾತನ್ನೇ ಲಕ್ವಾ ಹೊಡೆದು ಕೆಡವಿತು. ಮರಿಲಿಂಗಪ್ಪ ಹೊಲದಲ್ಲೇ ಕುಸಿದ. ಯಾದಗಿರಿಯ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಜೀವಕ್ಕೇನೂ ಭಯವಿಲ್ಲ ಎಂದು ಕಳಿಸಿದರು. ಬಲಗೈ ಬಲಗಾಲು ಸೋತಿದ್ದವು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ಹೋಗಿತ್ತು. "ನುಂಗಾಕ ಬರ್ತದ. ಕುಂದ್ರಿಸಿ, ಮೆತ್ತಂದು ಮಾಡಿ ಉಣಿಸ್ರಿ. ಉಂಡಷ್ಟೂ ಶಕ್ತಿ ಬರ್ತದ," ಎಂದಿದ್ದರು ಡಾಕ್ಟರು.

ಅಷ್ಟು ದಿನ ಬಿಜಲಿ ಹೊಸ್ತಿಲ ಮೇಲೆ ಬಿದ್ದುಕೊಂಡಿತ್ತಂತೆ. ನೀರು ಕುಡಿಯಿತೇ ಹೊರತು ಗುಡ್ಡುವಿನ ತಾಯಿ ಸುಗಲಮ್ಮ ಇಟ್ಟ ಅನ್ನವನ್ನು ಮುಟ್ಟಲಿಲ್ಲ. "ಯಜಮಾನ ಬಂದ ಮ್ಯಾಲ ತಿಂತದ ಬಿಡು," ಎಂದರು ಎಲ್ಲರೂ.

ಯಜಮಾನ ನಿನ್ನೆ ಬಂದ. ಜೀಪಿನಿಂದ ಅವನನ್ನು ಎತ್ತಿ ಇಳಿಸುವಾಗ ಬಿಜಲಿ ನಿಲ್ಲಲಾರದೆ ನಿಂತು, ಜೋತುಬಿದ್ದ ಆ ಬಲಗೈಯನ್ನೇ ನೆಕ್ಕಿತು. ಸಂಜೆ ಭೀಮವ್ವ ತಾಟಿಟ್ಟಳು. ನಾಯಿ ಕೂತು, ಕಿವಿ ನಿಮಿರಿಸಿ, ಅವನ ಬಾಯನ್ನೇ ನೋಡಿತು. ಅವನು ಹೇಳಲು ಹೋದ. "ಬ್... ಬ್ಬ..." ಎಂದಿತು ಬಾಯಿ. ನಾಯಿ ತಲೆ ವಾಲಿಸಿತು. ಮತ್ತೆ ಹೇಳಿದ, ಕುತ್ತಿಗೆಯ ನರ ಉಬ್ಬುವಂತೆ ಹೇಳಿದ. ಅದೇ "ಬ್ಬ". ಸೊಟ್ಟ ತುಟಿಯಿಂದ ಜೊಲ್ಲು ಇಳಿದು ಅಂಗಿ ಒದ್ದೆಯಾಯಿತು. ಬಾಗಿಲಲ್ಲಿ ಓಣಿಯ ಮಂದಿ ನಿಂತಿದ್ದರು. ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದವನು ಮತ್ತೆ ಈಚೆ ಹೊರಳಲಿಲ್ಲ.

ಬೆಳಿಗ್ಗೆ ಗುಡ್ಡು ಬಂದ. ಹೊರಸಿನ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಿಜಲಿಯ ಬೆನ್ನ ಮೇಲೆ ಕೈಯಾಡಿಸಿದ. ಇಂಥ ನಾಯಿಗೆ ಪಕ್ಕೆಲುಬು ಕಂಡರೇ ಚಂದ ಎನ್ನುವ ಮಂದಿ ಅವರು. ಆದರೆ ಇದು ಆ ಚಂದ ಆಗಿರಲಿಲ್ಲ.

"ಅತ್ತಿ, ಹೀಂಗ ಬಿಟ್ರ ಇದು ಉಳಿಯಂಗಿಲ್ಲ. ನಮ್ಮ ಮನ್ಯಾಗ ನಾಲ್ಕು ನಾಯಿ ಅದಾವ. ಅವು ಕಚ್ಚಾಡಿ ತಿನ್ನೋದು ನೋಡಿದ್ರ ಇದೂ ತಿಂದೀತು. ಇಲ್ಲಿದ್ರ ಮಾವನ ಬಾಯಿ ನೋಡಕೋಂತನ ಸಾಯ್ತದ."

"ಅದನ್ನ ಒಯ್ದ್ರ ಇವರು ಉಳೀತಾರೇನೋ?" ಅಂದಳು ಭೀಮವ್ವ.

ಗೋಡೆಯ ಕಡೆಯಿಂದ ಎಡಗೈ ಎದ್ದಿತು. ಬೆರಳುಗಳು ಬಾಗಿಲ ಕಡೆಗೆ ಆಡಿದವು. ಒಯ್ಯಿ, ಒಯ್ಯಿ ಎಂದು. ಮುಖ ತಿರುಗಲಿಲ್ಲ, ಆದರೆ ಹೆಗಲು ಅಲುಗುತ್ತಿತ್ತು. ಬಿಜಲಿ ಆ ಕೈ ಎದ್ದದ್ದನ್ನು ಕಂಡು ಬಾಲ ಬಡಿಯಿತು, ಹುಚ್ಚು ಮುಂಡೇದು. ಭೀಮವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಸಂಜೀಕ ಸರಪಳಿ ತಗೊಂಡು ಬರ್ತೀನಿ," ಎಂದು ಗುಡ್ಡು ಎದ್ದ. ಅವನ ಕಣ್ಣೂ ತುಂಬಿತ್ತು.

ಮಧ್ಯಾಹ್ನದ ಬಸ್ಸಿಗೆ ಗಂಡನ ಊರು ಗೋಗಿಯಿಂದ ಮಗಳು ಮಲ್ಲೇಶ್ವರಿ ಬಂದಳು. ಚೀಲ ಇಳಿಸಿದವಳೇ ಅಪ್ಪನ ಬೆನ್ನು ಸವರಿದಳು, ನಾಯಿಯ ತಲೆ ಸವರಿದಳು, ಅವ್ವನ ಬಾಯಿಂದ ಎಲ್ಲ ಕೇಳಿದಳು. ಕೇಳಿ ಸೆರಗಿನಿಂದ ಕಣ್ಣೊತ್ತಿಕೊಂಡು, ಇದ್ದಕ್ಕಿದ್ದಂತೆ ಮೊಬೈಲು ತೆಗೆದಳು.

"ಯವ್ವಾ, ತಡಿ! ದೀಪಾವಳಿಗೆ ಬಂದಾಗ ನಾ ವಿಡಿಯೋ ಮಾಡಿದ್ದೆ. ನಮ್ಮ ಅತ್ತಿಯವರಿಗೆ ತೋರಸಾಕಂತ. ಅದರಾಗ ಅಪ್ಪ ಉಣ್ಣು ಅಂತ ಹೇಳೋದು ಅದ."

ಭೀಮವ್ವ ತಾಟನ್ನು ಮತ್ತೆ ತಂದಿಟ್ಟಳು. ಮಲ್ಲೇಶ್ವರಿ ಫೋನನ್ನು ನಾಯಿಯ ಮುಂದೆ ಹಿಡಿದಳು. ಸಣ್ಣ ಪರದೆಯಲ್ಲಿ ಮರಿಲಿಂಗಪ್ಪ ಮೊದಲಿನ ಹಾಗೆಯೇ ಕೂತಿದ್ದ, ತಲೆಗೆ ರುಮಾಲು, ಗಟ್ಟಿ ಮೀಸೆ. "ಹೂಂ, ಉಣ್ಣವ್ವಾ!"

ಬಿಜಲಿ ಛಂಗನೆ ಎದ್ದಿತು. ಫೋನಿನ ಮುಂದೆ ಮೂಸಿತು, ಹಿಂದೆ ಮೂಸಿತು, ಮಲ್ಲೇಶ್ವರಿಯ ಬೆನ್ನ ಹಿಂದೆ ಹೋಗಿ ಹುಡುಕಿತು. ಅಲ್ಲಿ ಯಾರೂ ಇರಲಿಲ್ಲ. ಹೊರಸಿನ ಹತ್ತಿರ ಬಂದು, ಗೋಡೆಗೆ ಮುಖ ಮಾಡಿದವನ ಅಂಗಾಲು ಮೂಸಿ, ಕುಂಯ್ ಎಂದು ಅಲ್ಲೇ ಕೂತಿತು. ತಾಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಮಾತು ಕಲಸುಮೇಲೋಗರ ಕೇಳ್ತದ ಅದಕ್ಕ, ತಿಳೀಲಿಲ್ಲೇನೋ. ಇನ್ನೊಮ್ಮೆ ಹಚ್ಚಲೇನು?" ಅಂದಳು ಮಗಳು.

"ಮತ್ತೇನು ಸ್ವಚ್ಛ ಕೇಳ್ತದ? ಬಾಯಿ ತುಂಬ ರೊಟ್ಟಿ ಇಟಗೊಂಡು ಮಾತಾಡ್ತಿದ್ರು. ಮದಿವಿ ಆದಾಗಿಂದ ಹೇಳೀನಿ ನಾ, ತುತ್ತು ಬಾಯಾಗ ಇಟಗೊಂಡು ಮಾತಾಡಬ್ಯಾಡ್ರಿ ಅಂತ. ಕೇಳಿದ್ರ ತಾನ..."

ಭೀಮವ್ವ ಅಲ್ಲಿಗೇ ನಿಂತಳು. ತನ್ನ ಬಾಯಿಂದ ಬಂದ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡವಳಂತೆ ನಿಂತಳು.

"ಮಲ್ಲೀ, ಹಚ್ಚು. ಮೊದಲಿಂದ ಹಚ್ಚು."

ಪರದೆಯಲ್ಲಿ ಮರಿಲಿಂಗಪ್ಪ ರೊಟ್ಟಿ ಮುರಿದ. ಒಂದು ತುತ್ತು ತಾನು ಬಾಯಿಗಿಟ್ಟುಕೊಂಡ. ಅಗಿದ. ನಾಯಿ ಅವನ ದವಡೆಯನ್ನೇ ನೋಡುತ್ತಿತ್ತು. ಆಮೇಲೆ ಬಿಜಲಿಯ ಪಾಲನ್ನು ತಾಟಿಗೆ ಹಾಕಿ, ತುಂಬಿದ ಬಾಯಲ್ಲೇ "ಹೂಂ, ಉಣ್ಣವ್ವಾ" ಎಂದ.

ಇಷ್ಟು ವರ್ಷ ಭೀಮವ್ವ ಒಲೆಯ ಮುಂದೆ ಕೂತು ಇದನ್ನು ದಿನಾ ನೋಡಿದ್ದಳು. ಮಾತು ಕಲಿಸಿದ್ದೇನೆ ಎಂದುಕೊಂಡವನು ಮರಿಲಿಂಗಪ್ಪ. ಅವನು ಉಂಡರೆ ಮಾತ್ರ ತಾನು ಉಣ್ಣಬೇಕೆಂದು ಕಲಿತದ್ದು ನಾಯಿ. ಅವನು ಒಂದು ದಿನವೂ ಉಪವಾಸ ಬಿದ್ದವನಲ್ಲ, ಹೀಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಅಗಿಯದೆ ನುಂಗುವ ಆ ಗಂಜಿಯನ್ನು ಭೀಮವ್ವ ಒಯ್ದು ಬಚ್ಚಲಿಗೆ ಸುರಿದಳು. ಬಿಸಿ ರೊಟ್ಟಿಯೊಂದನ್ನು ತೆಳ್ಳಗೆ ತಟ್ಟಿ, ಬೇಳೆಯ ಕಟ್ಟಿನಲ್ಲಿ ಮೆತ್ತಗಾಗುವ ತನಕ ನೆನೆಹಾಕಿದಳು. ತಾಯಿ ಮಗಳು ಸೇರಿ ಅವನನ್ನು ಎತ್ತಿ, ಬೆನ್ನಿಗೆ ಕೌದಿ ಒತ್ತಿ ಕೂರಿಸಿದರು. ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣು ಬಾಗಿಲ ಕಡೆಗೆ ಹೋಯಿತು. ಮಲ್ಲೇಶ್ವರಿ ಹೋಗಿ ಕದ ಮುಂದೆ ಮಾಡಿ ಬಂದಳು.

"ಕೈ ತಗೀರಿ," ಅಂದಳು ಭೀಮವ್ವ.

ಅವನು ತಲೆಯಾಡಿಸಿದ.

"ಬಾಯಿ ಸೊಟ್ಟ ಆಗ್ಯಾದಂತ ನನಗ ನಾಚಿಕಿಲ್ಲ, ನಿಮ್ಮ ಮಗಳಿಗಿಲ್ಲ. ನಾಯಿಗಂತೂ ಇಲ್ಲೇ ಇಲ್ಲ. ನಿಮಗೊಬ್ಬರಿಗೇ ಇಷ್ಟು ನಾಚಿಕಿ ಎಲ್ಲಿಂದ ಬಂತು?" ಅವಳ ದನಿ ಒಡೆಯಿತು, ಆದರೆ ನಿಲ್ಲಿಸಲಿಲ್ಲ. "ಅದು ನಿಮ್ಮ ಮಾತಿಗೆ ಕಾಯಾಕತ್ತಿಲ್ರಿ. ನೀವು ಉಣ್ಣಲಿ ಅಂತ ಕಾಯಾಕತ್ತದ. ನೀವು ಉಣ್ಣಲಿಲ್ಲಂದ್ರ ಅದು ಉಣ್ಣಂಗಿಲ್ಲ. ನಾನೂ ಉಣ್ಣಂಗಿಲ್ಲ ಹೋಗ್ರಿ, ಮೂರೂ ಮಂದಿ ಕೂಡೇ ಹೋಗೂಣು!"

ಮರಿಲಿಂಗಪ್ಪ ಹೆಂಡತಿಯನ್ನು ನೋಡಿದ. ಕೆಳಗೆ ನೋಡಿದ. ಬಿಜಲಿ ಅವನ ಮೊಣಕಾಲಿಗೆ ಗದ್ದ ಊರಿ ಮೇಲೆ ನೋಡುತ್ತಿತ್ತು. ಉಸಿರಿಗೊಮ್ಮೆ ಅದರ ಪಕ್ಕೆಲುಬು ಒಂದೊಂದಾಗಿ ಎದ್ದು ಇಳಿಯುತ್ತಿದ್ದವು. ಅವನು ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಕೈ ತೆಗೆದ.

ಮೊದಲ ತುತ್ತು ಒಳಗೆ ಹೋದದ್ದಕ್ಕಿಂತ ಹೊರಗೆ ಬಿದ್ದದ್ದೇ ಹೆಚ್ಚು. ಎರಡನೆಯದನ್ನು ಭೀಮವ್ವ ಎಡಗಡೆಯ ದವಡೆಗೆ ಒತ್ತಿ ಇಟ್ಟಳು. ಅವನು ಅಗಿದ. ಅಬ್ಬಾ, ಒಂದು ತುತ್ತು ಅಗಿಯುವುದು ಎಂಥ ಕೆಲಸ! ಹಣೆಯಲ್ಲಿ ಬೆವರು ಬಂತು, ಬಲಗಡೆಯಿಂದ ಬೇಳೆಯ ಕಟ್ಟು ಇಳಿದು ಗದ್ದದಿಂದ ತೊಟ್ಟಿಕ್ಕಿತು. ಗಂಟಲು ಏರಿ ಇಳಿಯಿತು. ನುಂಗಿದ್ದ.

ಬಿಜಲಿ ಎದ್ದು ನಿಂತಿತ್ತು. ಕಿವಿ ಎರಡೂ ನಿಮಿರಿದ್ದವು.

ಸೊಟ್ಟ ತುಟಿಯ ಮೂಲೆಯಿಂದ ಜಾರಿದ ರೊಟ್ಟಿಯ ಚೂರೊಂದು ಅವನ ಧೋತರದ ಮೇಲೆ ಬಿದ್ದಿತ್ತು. ನಾಯಿ ಅದನ್ನು ಮೂಸಿ, ಮುಟ್ಟದೆ, ತಲೆಯೆತ್ತಿ ಅವನನ್ನು ನೋಡಿತು. ಅವನ ಬಾಯಿ ಅಲುಗಿತು.

"ಬ್ಬ," ಅಂದ.

ಬಿಜಲಿ ಆ ಚೂರನ್ನು ಎತ್ತಿಕೊಂಡಿತು. ಧೋತರ ನೆಕ್ಕಿತು, ಅವನ ಗದ್ದ ನೆಕ್ಕಿತು, ಆಮೇಲೆ ತಾಟಿಗೆ ಬಾಯಿ ಹಾಕಿ ಸಪಸಪ ತಿನ್ನತೊಡಗಿತು. ಮಲ್ಲೇಶ್ವರಿ ನಗುತ್ತ ಅತ್ತಳೋ ಅಳುತ್ತ ನಕ್ಕಳೋ, ಅವಳಿಗೇ ಗೊತ್ತಿಲ್ಲ. ಮರಿಲಿಂಗಪ್ಪ ಮಾತ್ರ ಯಾರನ್ನೂ ನೋಡದೆ, ಇನ್ನೊಂದು ತುತ್ತಿಗೆ ತಾನಾಗಿಯೇ ಬಾಯಿ ತೆರೆದ.

ಇಳಿಹೊತ್ತಿಗೆ ಕದ ಸರಿಸಿ ಗುಡ್ಡು ಒಳಗೆ ಬಂದ. ಕೈಯಲ್ಲಿ ಸರಪಳಿ ಇತ್ತು. ನಾಯಿ ಖಾಲಿ ತಾಟನ್ನು ನೆಲದ ಮೇಲೆ ಮೂತಿಯಿಂದ ದೂಡಿಕೊಂಡು ನೆಕ್ಕುತ್ತಿದ್ದುದನ್ನು ನೋಡಿ, ಬಾಗಿಲಲ್ಲೇ ಕಾಲು ಮಡಚಿ ಕೂತುಬಿಟ್ಟ. ಸರಪಳಿಯನ್ನು ಸದ್ದಾಗದಂತೆ ಸುತ್ತಿ ಜೇಬಿಗೆ ಹಾಕಿಕೊಂಡ.

"ಏನು ಮಾಡಿದ್ರಿ ಅತ್ತಿ? ಮಾವ ಮಾತಾಡಿದ್ನೇನು?"

"ಊಟ ಮಾಡಿದ್ರು," ಅಂದಳು ಭೀಮವ್ವ. ಒಲೆಯ ಮುಂದೆ ಹಿಟ್ಟು ನಾದಿಕೊಂಡು ಕೂತಿದ್ದಳು. ಅಲ್ಲಿಂದಲೇ ತಿರುಗಿ ಗಂಡನನ್ನು ಕೇಳಿದಳು, "ಎಷ್ಟು ತಟ್ಟಲಿ?"

ಮರಿಲಿಂಗಪ್ಪನ ಎಡಗೈ ಎದ್ದಿತು. ಮೊದಲು ಒಂದು ಬೆರಳು ತೋರಿಸಿದ. ತಡೆದು, ಹೊರಸಿನ ಪಕ್ಕದಲ್ಲಿದ್ದ ಬಿಜಲಿಯ ಕಡೆ ನೋಡಿ, ಇನ್ನೊಂದು ಬೆರಳೆತ್ತಿದ.