ಮೋತ್ಯಾನ ಮುಳ್ಳಿನ ಪಟ್ಟಿ

ಗುದ್ದಲಿ ಮತ್ತೆ ಫರಸಿ ಕಲ್ಲಿಗೆ ತಾಗಿ ಕಿಡಿ ಹಾರಿತು. ನೆರೆಮನೆಯ ಬಾಬುಮಿಯಾ ಅದನ್ನು ಬದಿಗಿಟ್ಟು ಹಾರೆ ಎತ್ತಿಕೊಂಡ.

"ಹಣಮವ್ವಕ್ಕ ಬದುಕಿದ್ದಾಗೂ ಹಿಂಗೇ. ಲಗೂನ ಜಾಗಾ ಬಿಡಾಕಿ ಅಲ್ಲ."

ಕುಣಿ ತೋಡುತ್ತಿದ್ದವರು ನಕ್ಕರು. ಅಷ್ಟರಲ್ಲಿ ಅವಳ ಮಗ ಪ್ರಬುದ್ಧ ಹಳ್ಳದ ಕಡೆಯಿಂದ ಬಂದ.

"ಗಬ್ಬದ ಆಡು ಹೋಯ್ತು ಚಾಚಾ. ತ್ವಾಳ. ಅರ್ಧ ತಿಂದು ಬಿಟ್ಟದ."

ನಲವತ್ತು ವರ್ಷಗಳಲ್ಲಿ ಐನಾಪುರದ ಆ ದೊಡ್ಡಿ ಕಾವಲಿಲ್ಲದೆ ಇದ್ದದ್ದು ಇದೊಂದೇ ಮುಂಜಾನೆ. ಎಲ್ಲರೂ ಹಣಮವ್ವನ ಹೆಣದ ಮುಂದೆ ಕುಳಿತಿದ್ದರು.

"ಫೋಟೋ ತಗದು ಫಾರೆಸ್ಟ್‌ನವ್ರಿಗಿ ಕಳಸು. ಪರಿಹಾರ ಕೊಡ್ತಾರ," ಎಂದ ಬಾಬುಮಿಯಾ.

"ಪರಿಹಾರ ಯಾರಿಗಿ ಬೇಕು? ನನ್ನ ನಾಯಿ ಮೋತ್ಯಾನ್ನ ಕೊಂದಿದ್ದೂ ತ್ವಾಳೇ. ಅವತ್ತು ಅವ್ವ ಸುಮ್ನಾದಳು, ನಾ ಆಗಂಗಿಲ್ಲ. ತೊಗರಿ ಹುಳಕ್ಕ ಹೊಡ್ಯೋ ವಿಷದ ಎಣ್ಣಿ ಅದ. ಆಡಿನ ಮ್ಯಾಲ ಸುರುವಿದ್ರ, ಉಳದದ್ದು ತಿನ್ಲಿಕ್ಕ ಸಂಜಿಗಿ ಬಂದೇ ಬರ್ತದ."

ನೀರಿನ ಕೊಡ ತಂದಿದ್ದ ಪ್ರಬುದ್ಧನ ಮಗಳು ಮೈತ್ರಿ ಅಪ್ಪನ ಕಡೆ ಒಂದು ಹೆಜ್ಜೆ ಇಟ್ಟು, ಹಿಂದೆ ಸರಿದಳು. ನಾಲ್ಕು ಜನರ ನಡುವೆ ಅವಳ ದನಿ ಎಂದೂ ಏಳುತ್ತಿರಲಿಲ್ಲ. ಮೇಲಾಗಿ, ಅಜ್ಜಿ ಹಣಮವ್ವನಿಗೆ, ತನ್ನ ಆಯಿಗೆ, ಕೊಟ್ಟ ಮಾತೊಂದಿತ್ತು.

*

ಹತ್ತು ವರ್ಷದ ಹಿಂದೆ, ಮೈತ್ರಿಗೆ ಆಗ ಹನ್ನೊಂದು. ಬೇಸಿಗೆ ರಜೆಯಲ್ಲಿ ಆಯಿಯ ಜೊತೆ ಆಡು ಕಾಯಲು ಹೋಗುತ್ತಿದ್ದಳು. ಮೋತ್ಯಾ ಮುಂದೆ, ಆಡುಗಳು ನಡುವೆ, ಹಿಂದೆ ಸೆರಗಿನಲ್ಲಿ ಸೇಂಗಾ ಕಟ್ಟಿಕೊಂಡ ಆಯಿ. ತೋಳ ಮೊದಲು ಕೊರಳಿಗೇ ಬಾಯಿ ಹಾಕುತ್ತದೆಂದು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿದ್ದ ಚರ್ಮದ ಪಟ್ಟಿ.

ಒಂದು ದಿನ ತೋಳ ಮರಿಯೊಂದನ್ನು ಅರ್ಧ ತಿಂದು ಹೋಯಿತು. ಆಯಿ ಮೋತ್ಯಾನನ್ನು ಬೇವಿನ ಮರಕ್ಕೆ ಕಟ್ಟಿ, ತೋಳ ಬಿಟ್ಟುಹೋದ ಮರಿಯ ಮೇಲೆ ಅದೇ ವಿಷದ ಎಣ್ಣೆ ಸುರಿದು ಬಂದಳು. ಮೋತ್ಯಾ ಹಗ್ಗ ಕಡಿದುಕೊಂಡು ಅದರತ್ತಲೇ ಹೋದ. ಮಧ್ಯಾಹ್ನ ತೂರಾಡುತ್ತ ಬಂದು ಅವಳ ಮಡಿಲಿಗೇ ತಲೆಯಿಟ್ಟ. ವಿಷ ಕಾರಲೆಂದು ಆಯಿ ಕುಡಿಸಿದ ಹುಣಸೆನೀರು ಅವನ ಗಂಟಲಿಗೆ ಇಳಿಯಲಿಲ್ಲ.

"ನಿಮ್ಮಪ್ಪ ಶಹಾಬಾದದಿಂದ ಬರೋದ್ರಾಗ ಮಣ್ಣ ಮಾಡ್ತೀನಿ," ಎಂದಳು. "ತ್ವಾಳ ಕೊಂದ್ತು ಅಂತೀನಿ. ಹೆಗಲ ಮ್ಯಾಲ ಹೊತ್ತು ಬೆಳಸ್ಯಾನ, ನನ್ನ ಕೈಲೆ ಹೋಯ್ತಂದ್ರ ತಡಕೊಳ್ಳಂಗಿಲ್ಲ. ನೀ ಯಾರ ಮುಂದೂ ಅನಬ್ಯಾಡವ್ವ."

ಪಟ್ಟಿ ಬಾಗಿಲ ಪಕ್ಕದ ಮೊಳೆಗೆ ಸೇರಿತು. ಚರ್ಮ ಒಣಗದಿರಲೆಂದು ಆಯಿ ಆಗಾಗ ಔಡಲೆಣ್ಣೆ ಸವರುವಳು. ಬೇರೆ ನಾಯಿಗೆ ಕಟ್ಟಲು ಮಾತ್ರ ಅವಳಿಗೆ ಕೈ ಬರಲಿಲ್ಲ.

*

ಪ್ರಬುದ್ಧ ಎಣ್ಣೆಯ ಡಬ್ಬಿ ಹಿಡಿದು ಅಂಗಳ ದಾಟುವಾಗ ಮೈತ್ರಿ ಅಡ್ಡ ನಿಂತಳು. ಹೆಣದ ಬಳಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ಅಪ್ಪಾ, ಮೋತ್ಯಾನ್ನ ತ್ವಾಳ ಕೊಲ್ಲಲಿಲ್ಲ. ಇದೇ ಎಣ್ಣಿ. ಆಯೀನೇ ಸುರುವಿದ್ದಳು."

"ತಲಿ ಕೆಟ್ಟದೇನು? ಅವ್ವ ನನಗ ಸುಳ್ಳು ಹೇಳ್ತಾಳ?"

"ನಿನಗ ಹೇಳಲಾರದ ಮತ್ಯಾರಿಗಿ ಹೇಳ್ಬೇಕು?" ಎಂದ ಹಿಂದಿನಿಂದ ಬಂದ ಬಾಬುಮಿಯಾ. "ಮೋತ್ಯಾನ ಕುಣಿ ತೋಡಿದಾಂವ ನಾನೇ. ಮೈಮ್ಯಾಲ, ಪಟ್ಟಿಮ್ಯಾಲ ಒಂದು ಹಲ್ಲಿನ ಗುರ್ತಿರ್ಲಿಲ್ಲ. ಕೇಳ್ಬೇಕು ಕೇಳ್ಬೇಕಂತ ಹತ್ತು ವರ್ಷ ಅಕೀ ಕೈ ಚಾ ಕುಡದೀನಿ. ಕೇಳಲಿಲ್ಲ."

ಪ್ರಬುದ್ಧ ತಾಯಿಯ ಮುಖ ನೋಡಿದ. ಡಬ್ಬಿ ಕೆಳಗಿಟ್ಟ.

"ಹಾರಿ ಕೊಡ್ರಿ ಚಾಚಾ. ಆಡಿಗೂ ಒಂದು ಕುಣಿ ಆಗ್ಲಿ. ನಿಮ್ಮ ನಾಯಿಗೋಳು ಹಳ್ಳದ ಕಡಿಗೇ ಅಡ್ಡಾಡಲಿಕತ್ತಾವ."

ಹಣಮವ್ವನನ್ನು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪ್ರಬುದ್ಧ ಬಾಗಿಲ ಪಕ್ಕದ ಪಟ್ಟಿ ತೆಗೆದ. ಔಡಲೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ದೊಡ್ಡಿಯ ಎಳೆಯ ನಾಯಿಯನ್ನು ತೊಡೆಯ ಮೇಲೆಳೆದುಕೊಂಡು ಕಟ್ಟಿ ನೋಡಿದ. ಕೊನೆಯ ತೂತಿಗೆ ಹಾಕಿದರೂ ಸಡಿಲ. ಗೋಡೆಯ ಮೊಳೆಯನ್ನು ಕಿತ್ತು, ಕಲ್ಲಿನಿಂದ ಹೊಡೆದು ಚರ್ಮಕ್ಕೆ ಇನ್ನೊಂದು ತೂತು ಮಾಡಿದ.

ಮುಂಜಾನೆಯಿಂದ ಮೇವಿಲ್ಲದ ಆಡುಗಳನ್ನು ಬಿಡಲು ಮೈತ್ರಿ ದೊಡ್ಡಿಯ ಬಾಗಿಲು ತೆರೆದಳು. ಭಾರಕ್ಕೆ ಕೊರಳು ಬಗ್ಗಿಸಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು ಕೆರೆದುಕೊಳ್ಳುತ್ತ, ನಾಯಿ ಆಡುಗಳ ಮುಂದೆ ನಡೆಯಿತು.