ಬೈಯುತ್ತಾ ತೊಳೆಯುವ ಕಲ್ಲು

ಜಾವಗಲ್ ದಾಟಿ ಹಳೇಬೀಡಿಗೆ ಹೋಗುವ ಟೂರಿಸ್ಟ್ ಬಸ್ಸುಗಳು ಆ ಎರಡು ಕಲ್ಲುಗಳ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಗುತ್ತವೆ. ಒಂದೂ ನಿಲ್ಲುವುದಿಲ್ಲ. ಯುದ್ಧ ಮಾಡಿಸಿದ ರಾಜರ ಗುಡಿಗೆ ಗೈಡು, ಎಳನೀರು, ಸೆಲ್ಫಿ. ಯುದ್ಧದಲ್ಲಿ ಸತ್ತವರ ಕಲ್ಲು ನೋಡಲು ಯಾರಿಗೆ ಪುರಸೊತ್ತಿದೆ?

ಯಾವ ರಾಜನ ಯಾವ ಯುದ್ಧವೋ, ಮೇಲ್ಕೇರಿಯವನೊಬ್ಬ, ಕೆಳಕೇರಿಯವನೊಬ್ಬ ಎದುರುಬದುರು ಪಡೆಯಲ್ಲಿ ನಿಂತು ಒಬ್ಬರನ್ನೊಬ್ಬರು ಇರಿದು ಸತ್ತರಂತೆ. ಇಬ್ಬರಿಗೂ ವೀರಗಲ್ಲು ನಿಲ್ಲಿಸಿ, ಉಳಿದವರು ಕೂತು ಒಂದು ಕಟ್ಟಳೆ ಮಾಡಿಕೊಂಡರು. ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿದ ಮೇಲೆ, ಇವರ ಕಲ್ಲನ್ನು ಅವರು ತೊಳೆಯಬೇಕು, ಅವರ ಕಲ್ಲನ್ನು ಇವರು. ತೊಳೆಯುವಾಗ ಬಾಯಿಗೆ ಬಂದಂತೆ ಬೈಯಬಹುದು, ಆದರೆ ಕೈ ನಿಲ್ಲಬಾರದು. ಕಲ್ಲಿನ ಕಡೆಯವರು ಎದುರಿಗೆ ಕೂತು ಕೇಳಬೇಕು, ತುಟಿ ಬಿಚ್ಚಬಾರದು.

ಕೆಳಕೇರಿಯ ಕಡೆಯಿಂದ ತೊಳೆಯುತ್ತಿದ್ದವಳು ಮುನಿಯಮ್ಮ. ಈ ವರ್ಷ ಅವಳ ಮಂಡಿ ಮಡಚಲಿಲ್ಲ. ಮೊಮ್ಮಗ ರವಿಕುಮಾರನನ್ನು ಕರೆದಳು. ಅರಸೀಕೆರೆಯ ಪಂಚರ್ ಅಂಗಡಿಯಲ್ಲಿ ಟೈರು ಬಿಚ್ಚುವ ಹುಡುಗ, ಬಿಸಿ ತಲೆ.

"ನಾನ್ ತೊಳೆಯಾಕಿಲ್ಲ ಕಣಜ್ಜಿ. ಅಣ್ಣನ ಕೈ ಮುರ್ದೋರ ಕಲ್ಲು ನಾನ್ಯಾಕ್ ತೊಳೀಲಿ?"

ಅವನ ಮಾತು ಸುಳ್ಳಲ್ಲ. ಕೆಳಕೇರಿಯ ಕಲ್ಲಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತ ಒಂದು ಮೂರ್ತಿಯಿದೆ. ಮೊದಲೆಲ್ಲ ಇಡೀ ಊರೇ ಅದನ್ನು ಕುಂತಪ್ಪ ಅನ್ನುತ್ತಿತ್ತು. ಕೆಳಕೇರಿಯವರು ಬೌದ್ಧರಾದ ಮೇಲೆ ಅವನು ಬುದ್ಧನಾದ. ಅಲ್ಲ, ಜಿನ ಎಂದಿತು ಮೇಲ್ಕೇರಿ. ಹೋದ ವರ್ಷ ಕಲ್ಲಿನ ಪಕ್ಕ ಪಂಚಶೀಲದ ಬಾವುಟ ಏರಿತು, ಮೇಲ್ಕೇರಿಯ ಲಕ್ಕಪ್ಪ ಕಿತ್ತೆಸೆದ, ದೊಣ್ಣೆಗಳು ಬಂದವು. ರವಿಯ ಅಣ್ಣ ಮರಿಯಣ್ಣನ ಮಣಿಕಟ್ಟು ಮುರಿದು ಇವತ್ತಿಗೂ ಸೊಟ್ಟಗಿದೆ.

"ತೊಳೀಬ್ಯಾಡ ಬುಡು," ಅಂದಳು ಮುನಿಯಮ್ಮ. "ಅವ್ರೂ ನಮ್ದು ಮುಟ್ಟಾಕಿಲ್ಲ. ಮತ್ತೆ ದೊಣ್ಣೆ ಹಿಡೀತೀರ. ಈ ಸಲ ಕೈಯಲ್ಲ, ತಲೇನೇ ಹೋಯ್ತದೆ."

"ಹೋಗ್ಲಿ."

"ನಿನ್ ತಲೇಲಿ ಏನೈತೆ, ಹೋಗ್ಲಿ. ನಿಮ್ಮಣ್ಣುಂದು ಹೋದ್ರೆ?"

ರವಿ ಪಕ್ಕದಲ್ಲಿದ್ದ ಕೊಡವನ್ನು ಕಾಲಲ್ಲಿ ಒದ್ದ.

"ಕ್ವಾಪ ಬಂದೈತೆ ತಾನೆ? ಅದ್ಕೇ ಮಾಡಿರಾದು ಕಣ್ಲಾ ಇದ್ನ. ಕ್ವಾಪ ಇಲ್ದೋನು ಅಲ್ಲೋಗಿ ಏನ್ ಮಾಡಾನು?"

ಬೈದು ಮಾನ ಕಳೆಯುತ್ತೇನೆ ಎಂದುಕೊಂಡೇ ರವಿ ಹೊರಟ, ಮುನಿಯಮ್ಮ ಕುಂಟುತ್ತಾ ಹಿಂದೆ ಬಂದಳು. ತಮ್ಮ ಕಲ್ಲಿನೆದುರು ಮೇಲ್ಕೇರಿಯವರು ಸಾಲಾಗಿ ಕೂತಿದ್ದರು. ಒಬ್ಬ ಹುಡುಗ ಮೊಬೈಲ್ ಎತ್ತಿದ. ಮೇಲ್ಕೇರಿಯ ಹಿರಿಯ ಚನ್ನಬಸವಯ್ಯ ಗದರಿದ: "ಜೇಬಿಗಾಕ್ಲಾ ಅದ್ನ. ಕಿವಿ ಸಾಕು."

ರವಿ ನೀರು ಸುರಿದು ಉಜ್ಜತೊಡಗಿದ. "ಲೋ ಸತ್ತೋನೆ, ನಿನ್ ಕೇರಿಯೋರು ಬಾವುಟಕ್ಕೆ ಹೆದರ್ತಾರಲ್ಲೋ. ಬಟ್ಟೆ ತುಂಡಿಗೆ ಹೆದರೋ ಗಂಡುಸ್ರಿಗೆ ನೀನ್ಯಾಕ್ ಸತ್ತೆ?" ಆಮೇಲೆ ಸೀದಾ ಲಕ್ಕಪ್ಪನಿಗೇ ತಿರುಗಿದ. "ನಮ್ಮಣ್ಣ ತಟ್ಟೆ ಎತ್ತಾಕಾಗ್ದೆ ಅಳ್ತಾನೆ ಕಣೋ. ನಿಂಗೆ ಅನ್ನ ಹೆಂಗ್ ಇಳೀತದೆ?"

"ಕೈ," ಅಂದಳು ಮುನಿಯಮ್ಮ. ಅವನ ಕೈ ನಿಂತಿತ್ತು.

ಕೈ ಮತ್ತೆ ಆಡಿತು. ಆಡುವ ಕೈಗೆ ಉಸಿರು ಬೇಕು, ಬೈಗುಳಕ್ಕೆ ಉಳಿಯುವುದು ಅರ್ಧವೇ. ಬೆರಳಿಗೆ ಕಲ್ಲಿನಲ್ಲಿ ಕೆತ್ತಿದ ವೀರನ ಹೊಟ್ಟೆಯೊಳಗೆ ಹೊಕ್ಕ ಕತ್ತಿಯೊಂದು ಸಿಕ್ಕಿತು, ಮಣ್ಣು ತುಂಬಿಕೊಂಡಿತ್ತು. ಇರಿದದ್ದು ತನ್ನ ಕೇರಿಯವನು. ರವಿ ಉಗುರು ಹಾಕಿ ಆ ಗಾಯದ ಮಣ್ಣು ತೆಗೆದ, ಮೆಲ್ಲಗೆ. ಎದುರಿಗೆ ಲಕ್ಕಪ್ಪ ಕೆಂಪಗಾಗಿ ಕೂತಿದ್ದ. ಬಾಯಿ ಬಿಡಲಿಲ್ಲ. ಅದು ಸಣ್ಣ ಮಾತಲ್ಲ ಎಂದು ರವಿಗೂ ಅನ್ನಿಸಿತು. ಈ ಅಜ್ಜಿ ಇಷ್ಟು ವರ್ಷ ಯಾರ್ಯಾರ ಸಿಟ್ಟನ್ನು ಹೀಗೆ ನೀರಿಗೆ ಹಾಕಿದಳೋ. ಸ್ಕೂಲು ಕಂಡವಳಲ್ಲ, ಈ ಕಟ್ಟಳೆ ಮಾಡಿದವರೂ ಕಂಡಿರಲಿಕ್ಕಿಲ್ಲ. ಮನುಷ್ಯನಿಗೆ ಕೋಪ ಬರುತ್ತದೆ ಅನ್ನುವುದನ್ನು ಒಪ್ಪಿಕೊಂಡು ಶಾಂತಿ ಕಟ್ಟಿದ್ದರು. ಅಂಥವರಿಗೆ ಯಾರು ಗುಡಿ ಕಟ್ಟಿದರು?

ಈಗ ಸರದಿ ಮೇಲ್ಕೇರಿಯದು. ಚನ್ನಬಸವಯ್ಯ ಕಣ್ಣಲ್ಲೇ ತೋರಿಸಿದ, ಲಕ್ಕಪ್ಪ ಎದ್ದ. ಕೆಳಕೇರಿಯವರು ತಮ್ಮ ಕಲ್ಲಿನೆದುರು ಕೂತರು. ಮರಿಯಣ್ಣ ಸೊಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ನನ್ ಟೆಂಪೋ ಗಾಜು ಒಡುದ್ರಲ್ಲೋ," ಲಕ್ಕಪ್ಪ ಉಜ್ಜುತ್ತಲೇ ಶುರು ಮಾಡಿದ. "ಅವತ್ತು ಒಳಗೆ ನನ್ ಮಗಳು ಕುಂತಿದ್ಲು. ಕಣ್ಣಿನ್ ಪಕ್ಕ ಹೊಲಿಗೆ ಹಾಕ್ಸಿದೀನಿ. ಯಾವನಾದ್ರೂ ಕೇಳಿದ್ರೇನೋ? ಶೀಲ ಅಂತೆ, ಪಂಚಶೀಲ ಅಂತೆ..."

ಮಗುವಿನ ವಿಷಯ ರವಿಗೆ ಗೊತ್ತಿರಲಿಲ್ಲ. ಅವತ್ತು ಆ ಗಾಜಿಗೆ ಕಲ್ಲು ಬೀಸಿದ್ದು ಅವನೇ. ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದ.

ಮೇಲೆ ಕುಂತಪ್ಪನ ಮುಖ ಇನ್ನೂ ಬಾಕಿಯಿತ್ತು, ಅಷ್ಟರಲ್ಲಿ ಕೊಡ ಬರಿದಾಯಿತು. ಲಕ್ಕಪ್ಪ ನಿಂತ. ಇಲ್ಲಿಗೆ ಬಿಟ್ಟು ಹೋದರೂ ಯಾರೂ ಕೇಳುವಂತಿರಲಿಲ್ಲ, ಮಾತಾಡುವ ಹಕ್ಕೇ ಕೆಳಕೇರಿಗೆ ಇರಲಿಲ್ಲ. ಮೇಲ್ಕೇರಿಯ ಹುಡುಗರು ಆಗಲೇ ಅಂಡು ಝಾಡಿಸಿಕೊಂಡು ಏಳುತ್ತಿದ್ದರು.

ರವಿ ಎದ್ದು ಹೋಗಿ ಲಕ್ಕಪ್ಪನ ಕೈಯಿಂದ ಕೊಡ ತೆಗೆದುಕೊಂಡ.

"ನೀನ್ ಮಾತಾಡಂಗಿಲ್ಲ," ಅಂದ ಲಕ್ಕಪ್ಪ.

ರವಿ ಕೊಡವನ್ನು ಹೆಗಲಿಗೇರಿಸಿದ. ಬೋರ್‌ವೆಲ್ಲಿನ ಕಡೆ ನಡೆದ. ಬೆನ್ನ ಹಿಂದೆ ಲಕ್ಕಪ್ಪ ಬರಿಗೈಯಲ್ಲೇ ಕುಂತಪ್ಪನ ಮುಖ ಉಜ್ಜುತ್ತಾ, "ಬಿರ್ನೆ ತತ್ತಾನಾ ನೋಡಿ, ಸೋಂಬೇರಿ ನನ್ಮಗ," ಎಂದು ಬೈಯುವುದು ಕೇಳಿಸುತ್ತಲೇ ಇತ್ತು.